ಹಿಟಾಚಿ ಗುಡ್ಡ ಹತ್ತುವ ಮೊದಲು

ಉತ್ತರ ಕನ್ನಡದ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಮತ್ತು ನಮ್ಮ ಕರಾವಳಿಯಲ್ಲಿ ಜಾಗ ಮಾರುವ, ಕೊಳ್ಳುವ, ಸೈಟು ಮಾಡುವ ಎಲ್ಲರಿಗೂ,

ನಮಸ್ಕಾರ.

ನಾನು ಕುಮಟಾ ತಾಲ್ಲೂಕಿನವನು. ಸಿವಿಲ್ ಕಾಂಟ್ರಾಕ್ಟರ್. ಇಪ್ಪತ್ತೆಂಟು ವರ್ಷದಿಂದ ಗುಡ್ಡ ತಗ್ಗಿಸುವುದು, ಹೊಂಡ ತುಂಬುವುದು, ಚಿರೆಕಲ್ಲಿನ (ಜಂಬಿಟ್ಟಿಗೆ) ಗೋಡೆ ಎಬ್ಬಿಸುವುದು, ಇದೇ ಕೆಲಸ. ನಾನು ಪರಿಸರ ಹೋರಾಟಗಾರ ಅಲ್ಲ, ಇತಿಹಾಸದ ಮೇಷ್ಟ್ರೂ ಅಲ್ಲ. ಇಂಥ ಪತ್ರ ಬರೆಯಲು ಇವನಿಗೇನು ಅಧಿಕಾರ ಅಂತ ಕೆಲವರಿಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿ ಎರಡು ವರ್ಷ ಸುಮ್ನೆ ಇದ್ದೆ.

ಈಗ ಬರೆಯಲು ಕಾರಣ ಇದೆ. ನಮ್ಮೂರ ಗಜನಿಯ, ಅಂದರೆ ಹೊಳೆಬದಿಯ ಉಪ್ಪುನೀರಿನ ಗದ್ದೆಯ, ಮೇಲಿನ ಬೇಣದಲ್ಲಿ (ಹುಲ್ಲಿನ ಗುಡ್ಡದಲ್ಲಿ) ಹದಿನಾಲ್ಕು ಎಕರೆ ಮಾಲ್ಕಿ ಜಾಗ ಲೇಔಟ್ ಆಗಲಿದೆ. ದೀಪಾವಳಿ ಕಳೆದ ಮೇಲೆ ಮಷಿನ್ ಬರುತ್ತದೆ. ಅದಕ್ಕೆ ತಾಗಿರುವ ಜಾಗವನ್ನು ಸಮ ಮಾಡಿದವನು ನಾನೇ. ಅಲ್ಲಿ ಏನು ಸಿಕ್ಕಿತ್ತು, ಅದನ್ನು ನಾನು ಏನು ಮಾಡಿದೆ ಎಂದು ಕೆಳಗೆ ಬರೆದಿದ್ದೇನೆ. ಊರಿನ ಹೆಸರು ಮಾತ್ರ ಇಲ್ಲಿ ಬರೆಯುವುದಿಲ್ಲ. ನಿಧಿ ಅಗೆಯುವವರು ಇಂಥದ್ದನ್ನೆಲ್ಲ ಓದುವುದಿಲ್ಲ ಅಂದುಕೊಳ್ಳಬೇಡಿ, ನಮಗಿಂತ ಚೆನ್ನಾಗಿ ಓದುತ್ತಾರೆ. ಊರು, ಸರ್ವೆ ನಂಬರು ಎರಡನ್ನೂ ನಿಮ್ಮ ಕಚೇರಿಗೆ ಬೇರೆಯಾಗಿ ಕೊಡುತ್ತೇನೆ.

ಹನ್ನೆರಡು ವರ್ಷದ ಹಿಂದಿನ ಮಾತು. ಏಪ್ರಿಲ್ ಕೊನೆ. ಮಳೆ ಹಿಡಿಯುವ ಮೊದಲು ಮಣ್ಣಿನ ಕೆಲಸ ಮುಗಿಸಬೇಕಿತ್ತು. ಹಿಟಾಚಿ ಓಡಿಸುತ್ತಿದ್ದವನು ಹಾವೇರಿ ಕಡೆಯ ಹುಡುಗ. ಊಟದ ಹೊತ್ತಿಗೆ ಮಷಿನ್ ನಿಲ್ಲಿಸಿ ಕೂಗಿದ. "ಸಾವ್ಕಾರ್ರ, ಇಲ್ಲಿ ಬಂದ್ ನೋಡ್ರಿ, ಬೂದಿ ಐತಿ."

ಹೋಗಿ ನೋಡಿದೆ. ಕತ್ತರಿಸಿದ ಕೆಂಪು ಮಣ್ಣಿನ ಗೋಡೆಯಲ್ಲಿ ಒಂದು ಕಪ್ಪು ಪಟ್ಟಿ. ಗೇಣು ದಪ್ಪ, ನಾಲ್ಕೈದು ಮೀಟರ್ ಉದ್ದ. ಅದರೊಳಗೆ ಬಳಚಿನ ಚಿಪ್ಪು, ಕಲ್ಗದ ಚಿಪ್ಪು, ಮಡಕೆಯ ಚೂರು. ಉಗುರಿನಷ್ಟೇ ಇರುವ ಬಿಳಿ ಕಲ್ಲಿನ ಚೂರುಗಳೂ ಇದ್ದವು, ಬೆರಳಿಗೆ ತಾಗಿದರೆ ಕೊಯ್ಯುವಷ್ಟು ಚೂಪು. ಇವುಗಳ ನಡುವೆ ಅಂಗೈಯಷ್ಟು ಉದ್ದದ ಒಂದು ಕರಿಕಲ್ಲು. ಯಾರೋ ಕೂತು ದಿನಗಟ್ಟಲೆ ಉಜ್ಜಿದ ಹಾಗೆ ನಯವಾಗಿತ್ತು. ಒಂದು ತುದಿ ಕೊಡಲಿಯ ಬಾಯಿಯಂತೆ ತೆಳು.

ಜಾಗದ ಯಜಮಾನರಿಗೆ ಫೋನು ಮಾಡಿದೆ. "ಮಾರಾಯಾ, ಯಾರ ಹತ್ರಾನೂ ಬಾಯಿ ಬಿಡಬೇಡ. ಸರ್ಕಾರದವರು ಬಂದು ಬೋರ್ಡ್ ಹಾಕಿದರೆ ನನ್ನ ಜಾಗ ಹೋಯ್ತು" ಅಂದರು. ನನಗೂ ಅದೇ ಸರಿ ಅನ್ನಿಸಿತು. ನನ್ನ ಬಿಲ್ಲೂ ಅವರ ಕೈಯಲ್ಲೇ ಇತ್ತು, ಅಲ್ವಾ. ಕಪ್ಪು ಮಣ್ಣು, ಚಿಪ್ಪು, ಮಡಕೆ ಚೂರು ಎಲ್ಲ ಸೇರಿ ಎರಡು ಟಿಪ್ಪರ್ ಆಯಿತು. ಕೆಳಗಿನ ರಸ್ತೆಗೆ ಭರ್ತಿ ಹಾಕಿ ರೋಲರ್ ಹೊಡೆಸಿದೆ. ಕರಿಕಲ್ಲನ್ನು ಮಾತ್ರ ಮನೆಗೆ ತಂದೆ. ನಮ್ಮ ಆಯಿ ನೋಡಿದವಳೇ "ಇದು ಸಿಡಿಲ ಕಲ್ಲು, ಒಳಗಿಡು, ಮನೆಗೆ ಸಿಡಿಲು ಬಡಿಯುವುದಿಲ್ಲ" ಅಂದಳು. ಹತ್ತು ವರ್ಷ ಅದು ಟಿ.ವಿ. ಪಕ್ಕದ ಶೋಕೇಸಿನಲ್ಲಿತ್ತು.

ಎರಡು ವರ್ಷದ ಹಿಂದೆ ಮಗಳನ್ನು ಕಾಲೇಜಿಗೆ ಸೇರಿಸಲು ಧಾರವಾಡಕ್ಕೆ ಹೋಗಿದ್ದೆ. ಹೊತ್ತು ಹೋಗಲಿ ಅಂತ ಒಂದು ಮ್ಯೂಸಿಯಂ ಒಳಗೆ ಹೊಕ್ಕೆ. ಗಾಜಿನ ಪೆಟ್ಟಿಗೆಯಲ್ಲಿ ನಮ್ಮನೆಯ ಸಿಡಿಲ ಕಲ್ಲು ಕೂತಿತ್ತು! ಅದರದೇ ಅಣ್ಣತಮ್ಮಂದಿರು ಐದಾರು. ಕೆಳಗೆ "ನವಶಿಲಾಯುಗದ ಕೊಡಲಿ" ಎಂಬ ಚೀಟಿ.

ಆಮೇಲೆ ಕಲ್ಲು ಹಿಡಿದುಕೊಂಡು ಮತ್ತೊಮ್ಮೆ ಧಾರವಾಡಕ್ಕೆ ಹೋದೆ. ಈ ವಿಷಯ ಓದಿದ ಹಿರಿಯರೊಬ್ಬರು ಸಿಕ್ಕರು. ಅವರು ಕಲ್ಲನ್ನು ತಿರುಗಿಸಿ ನೋಡಿ ಬಹಳ ಖುಷಿಪಟ್ಟರು. ಬಳ್ಳಾರಿ ಹತ್ತಿರದ ಸಂಗನಕಲ್ಲಿನ ಗುಡ್ಡದಲ್ಲಿ ಇಂಥ ಕೊಡಲಿಗಳನ್ನು ಡೊಲೆರೈಟ್ ಎಂಬ ಗಟ್ಟಿ ಕರಿಕಲ್ಲಿನಲ್ಲಿ ರಾಶಿಗಟ್ಟಲೆ ಮಾಡುತ್ತಿದ್ದರಂತೆ. ಒಂದು ನಮೂನೆಯ ಕಾರ್ಖಾನೆಯೇ. ಕರ್ನಾಟಕದಲ್ಲಿ ಆ ಕಾಲ ಸುಮಾರು 5000ದಿಂದ 3000 ವರ್ಷಗಳ ಹಿಂದೆ. ನಂತರ ಅವರು ಒಂದೊಂದೇ ಪ್ರಶ್ನೆ ಕೇಳತೊಡಗಿದರು. ಎಷ್ಟು ಆಳದಲ್ಲಿ ಸಿಕ್ಕಿತು? ಕಪ್ಪು ಪಟ್ಟಿಯ ಒಳಗೋ, ಮೇಲೋ, ಅಡಿಗೋ? ಮಡಕೆ ಚೂರು ಯಾವ ಬಣ್ಣ? ಇದ್ದಿಲು ಇತ್ತಾ? ಫೋಟೋ? ನನ್ನ ಹತ್ತಿರ ಒಂದಕ್ಕೂ ಉತ್ತರ ಇರಲಿಲ್ಲ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಲ್ಲನ್ನು ನನ್ನ ಕೈಗೆ ವಾಪಸ್ ಕೊಟ್ಟು ಚಹಾ ತರಿಸಿದರು.

ಬಸ್ಸಿನಲ್ಲಿ ಬರುವಾಗ ನನ್ನ ಕಸುಬಿನ ಲೆಕ್ಕದಲ್ಲಿ ಅದು ಅರ್ಥವಾಯಿತು. ಪಹಣಿ ಇಲ್ಲದ ಜಮೀನಿನ ಹಾಗೆ ಈ ಕಲ್ಲು. ಕೈಯಲ್ಲಿದೆ, ಆದರೆ ಯಾವುದನ್ನೂ ಸಾಬೀತು ಮಾಡುವುದಿಲ್ಲ.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ನಾನು ಕಂಡ ಕಪ್ಪು ಪಟ್ಟಿ ಅಷ್ಟು ಹಳೆಯದೇ ಆಗಿರಬೇಕು ಅಂತೇನೂ ಇಲ್ಲ. ನಮ್ಮ ಗುಡ್ಡಗಳಲ್ಲಿ ಹಿಂದೆ ಕುಮರಿ ಬೇಸಾಯ ಮಾಡುತ್ತಿದ್ದರು, ಕಾಡು ಸುಟ್ಟ ಬೂದಿ ಎಲ್ಲೆಲ್ಲೂ ಇರಬಹುದು. ಚಿಪ್ಪು ಸುಟ್ಟು ಸುಣ್ಣ ಮಾಡುವ ಗೂಡುಗಳಿದ್ದವು. ಹಾಗಾದರೆ ಅದು ಮುತ್ತಜ್ಜನ ಕಾಲದ ಸುಣ್ಣದ ಗೂಡು, ಅದರೊಳಗೆ ಹೇಗೋ ಬಂದು ಬಿದ್ದ ಒಂದು ಹಳೇ ಕೊಡಲಿ, ಅಷ್ಟೇ ಇರಬಹುದು. ನನ್ನ ಗೆಳೆಯನೊಬ್ಬ ಹೀಗೇ ವಾದಿಸುತ್ತಾನೆ. ಅವನ ವಾದವನ್ನು ತೆಗೆದುಹಾಕಲು ನನ್ನ ಹತ್ತಿರ ಏನೂ ಇಲ್ಲ, ಏಕೆಂದರೆ ಸಾಕ್ಷಿ ರಸ್ತೆಯ ಅಡಿಗಿದೆ. ಅದೇ ಮಣ್ಣನ್ನು ಗೊತ್ತಿದ್ದವರು ಬಿಡಿಸಿ ನೋಡಿದ್ದರೆ ಯಾವುದು ನಿಜ ಎಂದು ಒಂದೇ ವಾರದಲ್ಲಿ ಹೇಳುವ ದಾರಿ ಸಿಗುತ್ತಿತ್ತು.

ಉತ್ಖನನ ಅಂದರೆ ಹೊಂಡ ತೋಡುವುದು ಎಂದು ನಾನು ತಿಳಿದಿದ್ದೆ. ನಾವು ಮಾಡುವ ಕೆಲಸಕ್ಕೆ ಅದು ಪೂರ್ತಿ ಉಲ್ಟಾ. ಅವರ ಕೈಯಲ್ಲೂ ನಮ್ಮ ಗೌಂಡಿಗಳ ಹಾಗೆ ಕರಣೆಯೇ ಇರುತ್ತದೆ. ಆದರೆ ಕಟ್ಟುವುದಿಲ್ಲ, ಬಿಡಿಸುತ್ತಾರೆ. ಕೊನೆಗೆ ಬಿದ್ದ ಪದರ ಮೊದಲು ಬರಬೇಕು, ಅದರ ಅಡಿಯದು ಆಮೇಲೆ. ಒಂದೊಂದು ಪದರಕ್ಕೂ ನಕ್ಷೆ, ಅಳತೆ, ಚೀಲ, ಚೀಟಿ. ಮಡಕೆ, ಕಲ್ಲು ಇದ್ದೇ ಇರುತ್ತದೆ. ನನಗೆ ಆಶ್ಚರ್ಯವಾದದ್ದು ಅವರು ಬರಿಯ ಮಣ್ಣಿನಲ್ಲಿ ಮನೆ ಹುಡುಕುವುದು. ಮಣ್ಣು, ಮರ, ಸೋಗೆಯ ಮನೆ ಉಳಿಯುವುದಿಲ್ಲ. ಕಂಬ ನೆಟ್ಟ ಕುಳಿ ಮಾತ್ರ ಉಳಿಯುತ್ತದೆ. ಕಂಬ ಕೊಳೆತು ಆ ಜಾಗಕ್ಕೆ ಬೇರೆ ಮಣ್ಣು ಇಳಿಯುತ್ತದೆ. ಅದರ ಬಣ್ಣ ಬೇರೆ, ಬಿಗಿ ಬೇರೆ. ಇದು ಯಾವ ಕಾಂಟ್ರಾಕ್ಟರಿಗೂ ಗೊತ್ತಿರುವ ಸತ್ಯ. ಒಮ್ಮೆ ಅಗೆದು ಮುಚ್ಚಿದ ಮಣ್ಣು ಎಷ್ಟು ಕುಟ್ಟಿದರೂ ಮೊದಲಿನ ಹಾಗೆ ಕೂರುವುದಿಲ್ಲ, ಅದಕ್ಕೇ ಭರ್ತಿ ಮಣ್ಣಿನ ಮೇಲೆ ನಾವು ಪಾಯ ಹಾಕುವುದಿಲ್ಲ. ಸಾವಿರಾರು ವರ್ಷ ಕಳೆದರೂ ಆ ಕುಳಿ ಕಾಣಿಸುತ್ತದೆ. ಆದರೆ ಕರಣೆಗೆ ಕಾಣುತ್ತದೆ, ಹಿಟಾಚಿಯ ಬಕೆಟ್ಟಿಗೆ ಕಾಣುವುದಿಲ್ಲ.

ಬೂದಿ ಮಣ್ಣನ್ನು ನೀರಿಗೆ ಹಾಕಿ ಕದಡಿದರೆ ಸುಟ್ಟು ಕರಕಾದ ಕಾಳುಗಳು ಮೇಲೆ ತೇಲುತ್ತವೆ. ಅಲ್ಲಿದ್ದವರು ಏನು ಉಂಡರು ಎಂದು ಅದರಿಂದ ಗೊತ್ತಾಗುತ್ತದೆ. ಇದ್ದಿಲಿನಿಂದ ಕಾಲ ಗೊತ್ತಾಗುತ್ತದೆ. ಇದ್ದಿಲು ಇಲ್ಲದಿದ್ದರೂ ದಾರಿ ಇದೆ. ಮರಳಿನ ಕಣ ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಎಂದು ಲ್ಯಾಬಿನಲ್ಲಿ ಅಳೆಯುತ್ತಾರೆ. ಅದಕ್ಕೆ ಮಣ್ಣನ್ನು ಬೆಳಕು ತಾಗದ ಹಾಗೆ ಕೊಳವೆಯಲ್ಲಿ ತೆಗೆಯಬೇಕು. ಟಿಪ್ಪರಿನಿಂದ ಸುರಿದು ಬಿಸಿಲಿಗೆ ಹರಡಿದರೆ ಆ ಗಡಿಯಾರ ಮತ್ತೆ ಸೊನ್ನೆಗೆ ಬರುತ್ತದೆ. ಇನ್ನೊಂದು ಸಂಗತಿ ಕೇಳಿದ ಮೇಲೆ ನನಗೆ ಎರಡು ದಿನ ನಿದ್ದೆ ಬರಲಿಲ್ಲ. ನಮ್ಮ ಚಿರೆ ಮಣ್ಣಿನಲ್ಲಿ ಹುಳಿ ಜಾಸ್ತಿ. ಎಲುಬು ಕರಗಿಹೋಗುತ್ತದೆ. ಚಿಪ್ಪಿನ ರಾಶಿ ಇದ್ದಲ್ಲಿ ಮಾತ್ರ ಅದರ ಸುಣ್ಣ ಹುಳಿಯನ್ನು ಮುರಿಯುವುದರಿಂದ ಮೀನಿನ ಮುಳ್ಳು, ಪ್ರಾಣಿಯ ಎಲುಬು, ಕೆಲವೊಮ್ಮೆ ಮನುಷ್ಯರ ಎಲುಬು ಕೂಡ ಉಳಿಯುತ್ತದೆ. ಇಡೀ ಗುಡ್ಡದಲ್ಲಿ ಏನಾದರೂ ಉಳಿಯಬಹುದಾಗಿದ್ದ ಜಾಗ ಅದೊಂದೇ ಇದ್ದಿರಬಹುದು. ನಾನು ರೋಲರ್ ಹೊಡೆಸಿದ್ದು ಅದರ ಮೇಲೆ.

ನಮ್ಮ ಕರಾವಳಿಯಲ್ಲಿ ಅಷ್ಟು ಹಿಂದೆ ಯಾರಿದ್ದರು ಎಂದು ಕೇಳುವವರಿದ್ದಾರೆ. ಇತಿಹಾಸ ಅಂದರೆ ನಮಗೆ ಬನವಾಸಿ. ಶಿರಸಿ ತಾಲ್ಲೂಕಿನ ಬನವಾಸಿಯಲ್ಲಿ ಉತ್ಖನನ ಆಗಿದೆ, ಕದಂಬರಿಗಿಂತ ಹಿಂದಿನ ಶಾತವಾಹನರ ಕಾಲದ ಪದರಗಳು ಸಿಕ್ಕಿವೆ. ಘಟ್ಟದ ಆಚೆ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ 1965ರಲ್ಲಿ ಎಂ.ಎಸ್. ನಾಗರಾಜರಾವ್ ಅವರು ಅಗೆದಾಗ ನವಶಿಲಾಯುಗದ ನೆಲೆಯೂ ಅದರ ಮೇಲೆ ಕಬ್ಬಿಣದ ಕಾಲದ ನೆಲೆಯೂ ಕಂಡವು. ಕಾರವಾರದಿಂದ ಗಡಿ ದಾಟಿದರೆ ಗೋವಾ. ಅಲ್ಲಿ ಕುಶಾವತಿ ಹೊಳೆಯ ದಂಡೆಯ ಉಸಗಾಳಿಮಳದಲ್ಲಿ ಚಿರೆಕಲ್ಲಿನ ಹಾಸಿನ ಮೇಲೆ ಗೂಳಿ, ಜಿಂಕೆ, ಮನುಷ್ಯರು, ಸುರುಳಿ ಸುರುಳಿ ದಾರಿಯ ಚಕ್ರ ಕೆತ್ತಿದ್ದಾರೆ. ಹೊರಗಿನವರಿಗೆ ಅದು ತಿಳಿದದ್ದು 1993ರಲ್ಲಿ. ಮೇಲೆ ರತ್ನಾಗಿರಿ ಕಡೆಯ ಬಯಲುಗಳಲ್ಲೂ ಇಂಥವು ಇವೆ. ಕಾಶೇಳಿಯ ಆನೆ ಒಂದೇ ಸುಮಾರು 18 ಮೀಟರ್ ಉದ್ದ. ಕೊಂಕಣದ ಈ ಕೆತ್ತನೆಗಳ ಒಂಬತ್ತು ಜಾಗಗಳು 2022ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿದವು, ಅದರಲ್ಲಿ ಗೋವಾದ್ದೂ ಒಂದಿದೆ. ಮೇಲೆ ಕೊಂಕಣದಲ್ಲಿ, ಕೆಳಗೆ ಬೈಂದೂರಿನ ಅವಲಕ್ಕಿ ಪಾರೆಯಲ್ಲಿ ಕೆತ್ತನೆ ಇದ್ದು ನಡುವಿನ ನಮ್ಮ ಜಿಲ್ಲೆಯ ಅಷ್ಟುದ್ದ ಕಲ್ಲುಹಾಸು ಖಾಲಿ ಇರುತ್ತದೆಯೇ? ನೋಡಿದವರು ಕಡಿಮೆ, ಅಷ್ಟೇ. ಚಿರೆಕಲ್ಲು ಕ್ವಾರಿಯವರು ನೋಡಿರಬಹುದು. ನನ್ನ ಹಾಗೆ.

ಇನ್ನೊಂದು ಲೆಕ್ಕ ಹೇಳುತ್ತೇನೆ. ಸುಮಾರು 20,000 ವರ್ಷಗಳ ಹಿಂದೆ ಸಮುದ್ರದ ಮಟ್ಟ ಈಗಿನದಕ್ಕಿಂತ 120 ಮೀಟರಿನಷ್ಟು ಕೆಳಗಿತ್ತು. ನೀರು ಏರುತ್ತಾ ಏರುತ್ತಾ ಹೆಚ್ಚುಕಡಿಮೆ ಈಗಿನ ಮಟ್ಟಕ್ಕೆ ಬಂದು ಏಳು ಸಾವಿರ ವರ್ಷ ಆಗಿರಬಹುದು. ಅದಕ್ಕಿಂತ ಹಿಂದಿನ ದಡ ಈಗ ಸಮುದ್ರದಡಿ. ಆಮೇಲೆ ಬಂದವರು ಎಲ್ಲಿ ಮನೆ ಮಾಡಿರಬೇಕು? ಮಳೆಗಾಲದಲ್ಲಿ ನೀರು ನಿಲ್ಲದ ಎತ್ತರ ಬೇಕು. ಸಿಹಿನೀರಿನ ಒರತೆ ಹತ್ತಿರ ಇರಬೇಕು. ನೀರು ಇಳಿದಾಗ ಕೆಳಗಿಳಿದು ಚಿಪ್ಪು ಹೆಕ್ಕಲು ಹೊಳೆ ಬೇಕು. ಅಂದರೆ ಅಘನಾಶಿನಿ, ಗಂಗಾವಳಿ, ಶರಾವತಿ, ಕಾಳಿ ಸಮುದ್ರ ಸೇರುವಲ್ಲಿನ ಗುಡ್ಡದಂಚು. ಅಘನಾಶಿನಿಯಲ್ಲಿ ಇವತ್ತೂ ಹೆಂಗಸರು ಬಳಚು ಹೆಕ್ಕುತ್ತಾರೆ. ಈಗ ಸೈಟು ಕೇಳಿಕೊಂಡು ಬರುವವರೂ ಇದೇ ಮೂರನ್ನು ಕೇಳುತ್ತಾರೆ. ಎತ್ತರ ಇರಲಿ, ಬಾವಿಗೆ ನೀರಿರಲಿ, ಹೊಳೆ ಕಾಣಲಿ. ಒಳ್ಳೆಯ ಜಾಗದ ಗುಣ ಬದಲಾಗಿಲ್ಲ. ಅದಕ್ಕೇ ನಮ್ಮ ಮಷಿನ್ ಸರಿಯಾಗಿ ಅವರ ಮನೆಯ ಮೇಲೇ ಹೋಗಿ ನಿಲ್ಲುತ್ತದೆ.

ಸಾಹೇಬರೇ, ಕಾನೂನು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 1958ರ ಕೇಂದ್ರ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂದ ಮೇಲೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿಗೆ ಅನುಮತಿ ಬೇಕು. ಒಳ್ಳೆಯದೇ. ಆದರೆ ಅದು ಮೊದಲೇ ಗುರುತಾಗಿ ಪಟ್ಟಿಯಲ್ಲಿರುವ ಜಾಗಕ್ಕೆ. ಇನ್ನೂ ಯಾರೂ ನೋಡದ ಜಾಗಕ್ಕೆ ಯಾವ ಬೇಲಿ ಇದೆ? ಭೂಮಿಯಲ್ಲಿ ಹುದುಗಿದ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ಕಾನೂನು 1878ರಿಂದ ಇದೆ. ಅದಕ್ಕೆ ಬಂಗಾರ, ನಾಣ್ಯ ಅರ್ಥವಾಗುತ್ತದೆ. ಚಿಪ್ಪಿನ ರಾಶಿಗೆ ಬೆಲೆ ಕಟ್ಟುವವರು ಯಾರು? ಕೃಷಿ ಜಾಗವನ್ನು ಎನ್.ಎ. (ಕೃಷಿಯೇತರ) ಮಾಡಿಸಲು ನಾನು ಗಿರಾಕಿಗಳ ಪರವಾಗಿ ಎಷ್ಟೋ ಫೈಲು ಹಿಡಿದು ಓಡಾಡಿದ್ದೇನೆ. ನಕ್ಷೆ ಕೇಳಿದ್ದಾರೆ, ರಸ್ತೆ ಕೇಳಿದ್ದಾರೆ, ಅರಣ್ಯದ ಗಡಿ ಕೇಳಿದ್ದಾರೆ. ಈ ನೆಲದೊಳಗೆ ಏನಾದರೂ ಇದೆಯಾ ಎಂದು ಇವತ್ತಿನವರೆಗೆ ಯಾರೂ ಕೇಳಿಲ್ಲ.

ಮೊದಲು ನೋಡಿ, ಆಮೇಲೆ ಕಟ್ಟಿ ಎನ್ನುವುದು ನಮ್ಮ ದೇಶಕ್ಕೆ ಹೊಸದಲ್ಲ. ನಾಗಾರ್ಜುನಸಾಗರ ಕಟ್ಟುವಾಗ, ನೀರು ತುಂಬುವ ಮೊದಲು, 1954ರಿಂದ 1960ರವರೆಗೆ ನಾಗಾರ್ಜುನಕೊಂಡದ ಕಣಿವೆಯನ್ನು ಅಗೆದು ನೋಡಿದರು. ಬೌದ್ಧ ವಿಹಾರಗಳ ಜೊತೆ ಶಿಲಾಯುಗದ ನೆಲೆಗಳೂ ಸಿಕ್ಕವು. ಮುಖ್ಯವಾದವನ್ನು ಗುಡ್ಡದ ಮೇಲೆ ಮತ್ತೆ ಕಟ್ಟಿದರು, ಆ ಗುಡ್ಡ ಈಗ ದ್ವೀಪ. ಅಣೆಕಟ್ಟು ನಿಲ್ಲಲಿಲ್ಲ. ನಮ್ಮ ಜಿಲ್ಲೆಯೂ ಅಣೆಕಟ್ಟಿಗೆ, ನೌಕಾನೆಲೆಗೆ, ರೈಲಿಗೆ, ಹೆದ್ದಾರಿಗೆ ಜಾಗ ಕೊಡುತ್ತಲೇ ಬಂದಿದೆ. ಸುಪಾ ಎಂಬ ಊರೇ ನೀರಿನಡಿಗೆ ಹೋಯಿತು.

ಜಪಾನಿನ ಒಂದು ಕಥೆ ಓದಿ ನನಗೆ ಹೊಟ್ಟೆಕಿಚ್ಚಾಯಿತು. ಅಲ್ಲಿನ ಅವೊಮೊರಿ ಪ್ರಾಂತ್ಯದವರು ಬೇಸ್‌ಬಾಲ್ ಸ್ಟೇಡಿಯಂ ಕಟ್ಟಲು ಜಾಗ ಗೊತ್ತು ಮಾಡಿದ್ದರು. ಸನ್ನಾಯ್ ಮರುಯಾಮ ಅಂತ ಆ ಜಾಗದ ಹೆಸರು. ನಿಯಮದಂತೆ ಕಟ್ಟುವ ಮೊದಲು 1992ರಲ್ಲಿ ಅಗೆತ ಶುರುವಾಯಿತು. ಐದು ಸಾವಿರ ವರ್ಷಕ್ಕೂ ಹಿಂದಿನ ಇಡೀ ಊರು ಹೊರಗೆ ಬಂತು. ಮನೆಗಳು, ಗೋರಿಗಳು, ಒಡೆದ ಮಡಕೆಯ ದಿಬ್ಬಗಳು. ಎರಡು ಸಾಲಿನಲ್ಲಿ ಆರು ದೊಡ್ಡ ಕಂಬದ ಕುಳಿಗಳೂ ಇದ್ದವು, ಒಳಗೆ ಸುಮಾರು ಒಂದು ಮೀಟರ್ ದಪ್ಪದ ಮರದ ಬುಡ ಹಾಗೇ ಉಳಿದಿತ್ತು. ಕುಳಿಯಿಂದ ಕುಳಿಗೆ 4.2 ಮೀಟರ್, ಎಲ್ಲ ಒಂದೇ ಅಂತರ. ನಮ್ಮ ಹುಡುಗರು ಟೇಪು ಹಿಡಿದು ನಿಲ್ಲಿಸಿದ ಕಾಲಮ್ಮುಗಳೂ ಇಷ್ಟು ಸರಿ ಬರುವುದಿಲ್ಲ! 1994ರಲ್ಲಿ ಸ್ಟೇಡಿಯಂ ಕೆಲಸವನ್ನೇ ಕೈಬಿಟ್ಟರು. 2021ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಎಲ್ಲ ಕಡೆ ಹಾಗೆ ಕೆಲಸ ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಇಂಗ್ಲೆಂಡಿನಲ್ಲಿ 1990ರಿಂದ ಬಂದ ಪದ್ಧತಿ ಹೀಗಿದೆ. ಕಟ್ಟುವವನು ತನ್ನ ಖರ್ಚಿನಲ್ಲಿ ಮೊದಲು ನೆಲ ಪರೀಕ್ಷೆ ಮಾಡಿಸುತ್ತಾನೆ. ಜಾಗದ ಸ್ವಲ್ಪ ಭಾಗದಲ್ಲಿ ಮಾತ್ರ ಉದ್ದುದ್ದ ಕಾಲುವೆ ತೋಡಿ ನೋಡುತ್ತಾರೆ. ಏನೂ ಇಲ್ಲದಿದ್ದರೆ ಕೆಲಸ ಶುರು. ಇದ್ದರೆ ಅಗೆದು, ಬರೆದು, ದಾಖಲೆ ಮಾಡಿಕೊಂಡು ಜಾಗ ಬಿಟ್ಟುಕೊಡುತ್ತಾರೆ. ಅಪರೂಪಕ್ಕೆ ಮಾತ್ರ ಪೂರ್ತಿ ಉಳಿಸುತ್ತಾರೆ. ನಮ್ಮಲ್ಲೂ ದೊಡ್ಡ ಕಟ್ಟಡಕ್ಕೆ ಸಾಯಿಲ್ ಟೆಸ್ಟ್ ಮಾಡಿಸುತ್ತೇವಲ್ಲ? ಇದೂ ಅದೇ. ಮಣ್ಣು ಎಷ್ಟು ಭಾರ ಹೊರುತ್ತದೆ ಎಂದು ಕೇಳುವವರು ಮಣ್ಣಿನೊಳಗೆ ಯಾರಿದ್ದರು ಎಂದೂ ಒಂದು ಮಾತು ಕೇಳಲಿ.

ಹಾಗಾಗಿ ನನ್ನ ಬೇಡಿಕೆ ದೊಡ್ಡದಲ್ಲ. ಹೊಳೆಬಾಯಿಯ ಗುಡ್ಡದಂಚಿನಲ್ಲಿ, ಚಿರೆಕಲ್ಲಿನ ಬಯಲಿನಲ್ಲಿ ಇಷ್ಟು ಎಕರೆಗಿಂತ ಜಾಸ್ತಿ ಜಾಗ ಸಮ ಮಾಡುವುದಾದರೆ, ಅಥವಾ ಕ್ವಾರಿಗೆ ಕೊಡುವುದಾದರೆ, ಆದೇಶಕ್ಕೆ ಮೊದಲು ಪುರಾತತ್ವ ಗೊತ್ತಿದ್ದವರು ಒಮ್ಮೆ ನಡೆದು ನೋಡಲಿ. ಎಕರೆ ಎಷ್ಟು ಎಂದು ನೀವೇ ನಿಗದಿ ಮಾಡಿ. ರಾಜ್ಯದ ಪುರಾತತ್ವ ಇಲಾಖೆ ಇದೆ, ಕೇಂದ್ರದ ಸರ್ವೇಕ್ಷಣಾ ಇಲಾಖೆಯ ಧಾರವಾಡ ವೃತ್ತ ಇದೆ, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇದನ್ನೇ ಓದುವ ಮಕ್ಕಳಿದ್ದಾರೆ. ನಡೆದು ನೋಡಲು ಎರಡು ದಿನ ಸಾಕು. ಅನುಮಾನ ಬಂದರೆ ಮಾತ್ರ ಪರೀಕ್ಷೆಯ ಕಾಲುವೆ. ಅಗೆಯಲು ಅನುಮತಿ ದಿಲ್ಲಿಯವರೆಗೆ ಹೋಗಿ ಬರಬೇಕು. ನಮ್ಮಲ್ಲಿ ಮಳೆ ವರ್ಷಕ್ಕೆ 3000 ಮಿಲಿಮೀಟರ್ ಹತ್ತಿರ, ಅಗೆಯಲು ಸಿಗುವುದು ನವೆಂಬರಿನಿಂದ ಮೇ ತಿಂಗಳವರೆಗೆ ಮಾತ್ರ. ಆದ್ದರಿಂದ ಕಾಗದಪತ್ರ ಮಳೆಗಾಲದಲ್ಲೇ ಓಡಾಡಬೇಕು, ಬಿಸಿಲು ಬಂದ ಮೇಲೆ ಅಲ್ಲ.

ಇದಕ್ಕಿಂತ ಮುಖ್ಯವಾದದ್ದು ಜಾಗದ ಯಜಮಾನರ ಭಯ. ಆ ಭಯ ಸುಳ್ಳಲ್ಲ. ಒಂದು ಸೈಟು ಮಾಡಿ ಮಗಳ ಮದುವೆ ಮಾಡಬೇಕು ಎಂದಿರುವವನಿಗೆ ಮಡಕೆ ಚೂರು ಕಂಡರೆ ಎದೆ ಒಡೆಯುತ್ತದೆ. ಅವನು ಮುಚ್ಚಿಯೇ ಮುಚ್ಚುತ್ತಾನೆ. ನಾನು ಮುಚ್ಚಿದೆ. ಅದಕ್ಕೆ ಅವನಿಗೆ ಬರವಣಿಗೆಯಲ್ಲಿ ಒಂದು ಭರವಸೆ ಕೊಡಿ. ಇಷ್ಟು ದಿನದೊಳಗೆ ನೋಡಿ ಮುಗಿಸುತ್ತೇವೆ. ದಿನ ಮೀರಿದರೆ ನೀನು ಕೆಲಸ ಶುರು ಮಾಡಬಹುದು. ನಾಲ್ಕು ಸೆಂಟ್ಸಿನಲ್ಲಿ ಮನೆ ಕಟ್ಟುವವನ ಖರ್ಚು ಸರ್ಕಾರದ್ದು, ಲೇಔಟ್ ಮಾಡಿ ಲಾಭ ಮಾಡುವವನ ಖರ್ಚು ಅವನದೇ. ಹೇಳಿದವನಿಗೆ ತೊಂದರೆ ಆಗುವುದಿಲ್ಲ. ಇಷ್ಟು ಗೊತ್ತಾದರೆ ಅರ್ಧ ಜನ ತಾವಾಗಿಯೇ ಹೇಳುತ್ತಾರೆ. ಮಷಿನ್ ಓಡಿಸುವ ಹುಡುಗರಿಗೆ ಒಂದು ಫೋನ್ ನಂಬರು ಕೊಡಿ. ಮೊದಲು ನೋಡುವವರು ಅವರೇ. ನನ್ನ ಹಾವೇರಿ ಹುಡುಗ ಊಟ ಬಿಟ್ಟು ಕರೆದಿದ್ದ, ದುಡ್ಡಿನ ಲೆಕ್ಕ ನೋಡಿದ್ದು ನಾನು.

ಹಾಂ, ಸಿಕ್ಕ ವಸ್ತುಗಳನ್ನು ದೂರದ ಗೋದಾಮಿಗೆ ಸಾಗಿಸಿ ಮರೆಯಬೇಡಿ. ಕಾರವಾರದಲ್ಲೇ ಒಂದು ಕೋಣೆ ಇರಲಿ. ನಮ್ಮ ಮಕ್ಕಳು ಅದನ್ನು ನೋಡಲು ಘಟ್ಟ ಹತ್ತಿ ಹೋಗುವಂತಾಗಬಾರದು.

ಊರಿನವರಿಗೆ ಒಂದು ಮಾತು. ದಯವಿಟ್ಟು ನೀವೇ ಗುದ್ದಲಿ ತೆಗೆದುಕೊಂಡು ಹೋಗಬೇಡಿ. ಏನಾದರೂ ಕಂಡರೆ ಕೈಯಾಡಿಸದೆ, ಪಕ್ಕದಲ್ಲಿ ಒಂದು ಕತ್ತಿಯನ್ನೋ ಕೋಲನ್ನೋ ಅಳತೆಗೆ ಇಟ್ಟು ಫೋಟೋ ತೆಗೆದು, ತೋರಿಸಿ. ಅಷ್ಟು ಸಾಕು.

ಹದಿನಾಲ್ಕು ಎಕರೆಯ ಯಜಮಾನರ ಜೊತೆ ಕಳೆದ ವಾರ ಮಾತಾಡಿದ್ದೇನೆ. ಮೊದಲು ರೇಗಿದರು. ಆಮೇಲೆ, ಡಿ.ಸಿ. ಸಾಹೇಬರು ದಿನ ಹೇಳಿದರೆ ಜನವರಿ ಕೊನೆಯವರೆಗೆ ಕಾಯುತ್ತೇನೆ ಅಂದರು. ಅವರ ಮಾತು ಬರವಣಿಗೆಯಲ್ಲಿಲ್ಲ, ಬದಲಾಗಬಹುದು. ನೋಡಲು ಬರುವವರಿಗೆ ಊಟ, ವಸತಿ, ಬೇಲಿ ಸವರಲು ಇಬ್ಬರು ಆಳು ನನ್ನ ಕಡೆಯಿಂದ.

ಕರಿಕಲ್ಲು ಈಗ ಶೋಕೇಸಿನಲ್ಲಿಲ್ಲ, ನನ್ನ ಮೇಜಿನ ಮೇಲಿದೆ. ಹಳೆಯ ಜಾಗದ ಸರ್ವೆ ನಕ್ಷೆಯಲ್ಲಿ ಅದು ಸಿಕ್ಕ ಜಾಗವನ್ನು ನೆನಪಿದ್ದಷ್ಟು ಗುರುತು ಮಾಡಿದ್ದೇನೆ. ಹತ್ತು ಮೀಟರ್ ಆಚೀಚೆ ಇರಬಹುದು. ಎರಡು ಟಿಪ್ಪರ್ ಮಣ್ಣು ಹಾಕಿದ ರಸ್ತೆಯ ತುಂಡನ್ನೂ ಗೆರೆ ಎಳೆದು ತೋರಿಸಿದ್ದೇನೆ. ಕಲ್ಲು, ನಕ್ಷೆ ಎರಡನ್ನೂ ಬರುವ ಸೋಮವಾರ ನಿಮ್ಮ ಕಚೇರಿಗೆ ತಂದು ಒಪ್ಪಿಸುತ್ತೇನೆ. ಒಂದು ಸ್ವೀಕೃತಿ ಕೊಡಿಸಬೇಕಾಗಿ ವಿನಂತಿ. ಆಯಿಗೆ ತೋರಿಸಬೇಕು, ಸಿಡಿಲ ಕಲ್ಲು ಎಲ್ಲಿಗೆ ಹೋಯಿತು ಎಂದು ಕೇಳುತ್ತಿದ್ದಾಳೆ.

ಇತಿ,
ಕುಮಟಾ ತಾಲ್ಲೂಕಿನ ಒಬ್ಬ ಕಾಂಟ್ರಾಕ್ಟರ್